ಮೂವತ್ತೆರಡು ಪಾಯಿಂಟ್ ನಾಲ್ಕು

ಹೋದ ತಿಂಗಳು ನರಸಿಂಹರಾಜಪುರದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಊಟಕ್ಕೆ ಮೊದಲು ಕೈ ತೊಳೆಯಲು ಛತ್ರದ ಹಿಂದಕ್ಕೆ ಹೋದರೆ ಅಲ್ಲಿ ಇಬ್ಬರು ಖಾಲಿ ಮಾಡಿದ ನೀರಿನ ತೊಟ್ಟಿಯೊಳಗೆ ಇಳಿದು ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುತ್ತಿದ್ದರು. ಘಾಟು ಮೂಗಿಗೆ ಬಡಿಯಿತು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು, “ಒಳ್ಳೆ ಸ್ಟ್ರಾಂಗ್ ಪುಡಿನೇ ಹಾಕಿದಾರೆ, ವಾಸನೆ ನೋಡಿ” ಅಂದರು. ವಾಸನೆಗೂ ಬಲಕ್ಕೂ ಸಂಬಂಧವಿಲ್ಲ ಎಂದು ಹೇಳಲು ಹೊರಟವಳು ಸುಮ್ಮನಾದೆ. ಶುರು ಮಾಡಿದರೆ ನಿಂತ ಕಾಲಲ್ಲಿ ಮುಗಿಯುವ ಮಾತಲ್ಲ ಅದು. ಅವತ್ತು ಎಲೆಯ ಮುಂದೆ ಕೂತಾಗ ಒಂದು ಮಳೆಗಾಲ ಪೂರ್ತಿ ಕಣ್ಣ ಮುಂದೆ ಬಂತು.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನನಗೆ ಇಪ್ಪತ್ತಾರು. ಕೊಪ್ಪ ಪೇಟೆಯಲ್ಲಿ ಆಗ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬ್ ಇತ್ತು. ಈಗ ಲ್ಯಾಬೂ ಇಲ್ಲ, ಆ ಕಟ್ಟಡವೂ ಇಲ್ಲ. ನಾನು ಅಲ್ಲಿ ಗುತ್ತಿಗೆಯ ಮೇಲೆ ಟೆಕ್ನಿಷಿಯನ್ ಆಗಿದ್ದೆ. ನನ್ನ ಮೇಲೆ ವಿರೂಪಾಕ್ಷಪ್ಪನವರು ಒಬ್ಬರೇ. ಬಾಳೆಹೊನ್ನೂರಿನ ಕಡೆಯವರು, ನಿವೃತ್ತಿಗೆ ಹತ್ತಿರ ಬಂದಿದ್ದವರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡೇ ಬರುತ್ತಿದ್ದರು. ಯಾರಿಗೂ ಜೋರು ಮಾಡಿದ್ದನ್ನು ನಾನು ಕಂಡಿಲ್ಲ. ನನ್ನ ಊರೂ ಅದೇ ಕಡೆ ಎಂದು ತಿಳಿದ ಮೇಲೆ ಅವರಿಗೆ ನಾನು ಮಗಳಂತೆಯೇ ಆಗಿದ್ದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕುಗಳಲ್ಲಿ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯ ಸ್ಯಾಂಪಲ್ ನಮ್ಮಲ್ಲಿಗೇ ಬರುತ್ತಿತ್ತು. ನಾವು ಪರೀಕ್ಷೆ ಮಾಡಿ ಚೀಟಿ ಕೊಟ್ಟ ಮೇಲೆಯೇ ಊರಿನವರು ಅದನ್ನು ಬಳಸಬೇಕು. ಪುಡಿಯ ಬಲ ಇರುವುದು ಅದರ ತೂಕದಲ್ಲಲ್ಲ, ಬಿಳುಪಿನಲ್ಲೂ ಅಲ್ಲ, ಒಳಗಿರುವ ಕ್ಲೋರಿನ್‌ನಲ್ಲಿ. ಹೊಸ ಪುಡಿಯಾದರೆ ನೂರಕ್ಕೆ ಮೂವತ್ತಮೂರು ಪಾಲಿನಷ್ಟು ಕ್ಲೋರಿನ್ ಕೆಲಸಕ್ಕೆ ಬರುತ್ತದೆ. ಚೀಲ ಹರಿದರೆ, ತೇವ ತಾಗಿದರೆ, ಅದು ದಿನದಿನಕ್ಕೂ ಇಳಿಯುತ್ತದೆ. ನೋಡುವುದಕ್ಕೆ ಪುಡಿ ಮೊದಲಿನ ಹಾಗೇ ಇರುತ್ತದೆ. ಗೋದಾಮಿನ ಬಾಗಿಲು ತೆಗೆದರೆ ಕಣ್ಣುರಿಯುವಷ್ಟು ಘಾಟು ಬರುತ್ತದೆ. ಆ ಘಾಟೇ ಅದರ ಬಲ ಹೊರಗೆ ಹೋಗುತ್ತಿರುವುದರ ಗುರುತು.

ಅಳೆಯುವುದು ಕಷ್ಟದ ಕೆಲಸವಲ್ಲ, ಆದರೆ ತಾಳ್ಮೆಯ ಕೆಲಸ. ಪುಡಿಯನ್ನು ತೂಗಿ, ನೀರು ಹಾಕಿ ನುಣ್ಣಗೆ ಅರೆದು, ಅಳತೆಯ ಫ್ಲಾಸ್ಕಿಗೆ ತುಂಬಬೇಕು. ಅದರಲ್ಲಿ ಸ್ವಲ್ಪ ತೆಗೆದು ಅಯೋಡೈಡ್ ಮತ್ತು ಆಸಿಡ್ ಹಾಕಿದರೆ ಕಷಾಯದ ಬಣ್ಣ ಬರುತ್ತದೆ. ಮೇಲೆ ನಿಲ್ಲಿಸಿದ ಅಳತೆಯ ಗಾಜಿನ ನಳಿಗೆಯಿಂದ, ಅಂದರೆ ಬ್ಯುರೆಟ್ಟಿನಿಂದ, ಹೈಪೋ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಹೋದರೆ ಬಣ್ಣ ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಆಗ ಗಂಜಿನೀರು ಹಾಕಿದರೆ ಕಡುನೀಲಿ. ಆ ನೀಲಿ ಮಾಯವಾಗುವ ಹನಿ ಯಾವುದೋ ಅಲ್ಲಿಗೆ ನಿಲ್ಲಿಸಬೇಕು. ನಮ್ಮ ಅಳತೆಯಲ್ಲಿ ಒಳ್ಳೆಯ ಪುಡಿ ಇಪ್ಪತ್ತಮೂರು ಮಿಲಿ ಹೈಪೋ ಕುಡಿಯುತ್ತಿತ್ತು. ಕಡಿಮೆ ಕುಡಿದಷ್ಟೂ ಪುಡಿಯಲ್ಲಿ ಬಲ ಕಡಿಮೆ.

ಆ ವರ್ಷದ ದಾಸ್ತಾನು ಮೇ ತಿಂಗಳಲ್ಲೇ ಬಂದಿತ್ತು. ಮೊದಲ ಎರಡು ಚೀಲವನ್ನು ನಾನೇ ಪರೀಕ್ಷೆ ಮಾಡಿದೆ. ಎರಡೂ ಮೂವತ್ತಮೂರರ ಆಸುಪಾಸು. ಆಮೇಲೆ ಆ ದಾಸ್ತಾನನ್ನು ಬೇರೆ ಬೇರೆ ಕಡೆ ಇಟ್ಟರು. ಎಲ್ಲಿ ಇಟ್ಟರು, ಹೇಗೆ ಇಟ್ಟರು ಎಂದು ನಾವು ಕೇಳಲಿಲ್ಲ. ಜೂನ್ ಕೊನೆಗೆ ಆರಿದ್ರೆ ಮಳೆ ಹಿಡಿದಾಗ ಊರೂರಿಂದ ಸ್ಯಾಂಪಲ್ ಬರತೊಡಗಿತು. ಗಾಜಿನ ಬಾಟಲಿಯಲ್ಲಿ ಹಾಕಿ, ಬಿರಡೆಗೆ ಮೇಣ ಹಚ್ಚಿ, ಮೇಲೆ ಊರಿನ ಹೆಸರಿನ ಚೀಟಿ. ನನ್ನ ಮೇಜಿನ ಮೇಲೆ ಹದಿನೇಳು ಬಾಟಲಿ ನಿಂತವು. ಆ ವಾರ ಮರ ಬಿದ್ದು ಕರೆಂಟು ಹೋಗಿ ಲ್ಯಾಬಿನ ಎಲೆಕ್ಟ್ರಾನಿಕ್ ತಕ್ಕಡಿ ಸತ್ತಿತ್ತು. ಹೈಪೋ ದ್ರಾವಣ ಹಳತಾಗಿತ್ತು, ಹೊಸದು ಮಾಡಿ ಅದರ ಬಲವನ್ನೇ ಮೊದಲು ಅಳೆಯಬೇಕಿತ್ತು. ಅತ್ತ ಪಂಚಾಯಿತಿಯವರು ಚೀಟಿ ಕೊಡಿ ಚೀಟಿ ಕೊಡಿ ಎಂದು ದಿನಾ ಬರುತ್ತಿದ್ದರು. ಚೀಟಿ ಇಲ್ಲದೆ ಪುಡಿ ಮುಟ್ಟುವ ಹಾಗಿಲ್ಲ, ಮಳೆ ನೀರು ಕೆಂಪಾಗಿ ಬಾವಿಗೆ ಇಳಿಯುತ್ತಿದೆ.

“ಒಂದೇ ಬ್ಯಾಚಿನ ಮಾಲಲ್ವೇನಮ್ಮ,” ಅಂದರು ವಿರೂಪಾಕ್ಷಪ್ಪನವರು. “ಮೇನಲ್ಲಿ ನೀನೇ ನೋಡಿದೀಯ. ಚೀಟಿ ಬರ್ದು ಕಳ್ಸು. ಕರೆಂಟು ಬಂದ ಮೇಲೆ ನಿಧಾನಕ್ಕೆ ಒಂದೆರಡು ನೋಡಿದ್ರಾಯ್ತು.”

ಅವರು ಬೆದರಿಸಲಿಲ್ಲ, ಒತ್ತಾಯಿಸಲೂ ಇಲ್ಲ. ನನಗೂ ಅದು ಸರಿ ಎನ್ನಿಸಿತು. ಹದಿನೇಳು ಚೀಟಿ ಬರೆದೆ. ಎಲ್ಲದಕ್ಕೂ ಮೂವತ್ತಮೂರು ಎಂದು ಬರೆದರೆ ನೋಡಿದವರಿಗೆ ಅನುಮಾನ ಬರುತ್ತದೆ ಎಂದು ಒಂದಕ್ಕೆ ಮೂವತ್ತೊಂದು ಪಾಯಿಂಟ್ ಎಂಟು, ಇನ್ನೊಂದಕ್ಕೆ ಮೂವತ್ತಮೂರು ಪಾಯಿಂಟ್ ಒಂದು ಎಂದು ಬರೆದೆ. ಜಯಪುರದಿಂದ ಆಚೆಗಿರುವ ಒಂದು ಊರಿಗೆ ಮೂವತ್ತೆರಡು ಪಾಯಿಂಟ್ ನಾಲ್ಕು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಪಾಯಿಂಟ್ ಇದ್ದರೆ ಅಳೆದ ಹಾಗೆ ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು. ಸುಳ್ಳು ಹೇಳುತ್ತಿದ್ದೇನೆ ಎಂದು ಮಾತ್ರ ಅನ್ನಿಸಲಿಲ್ಲ.

ಆ ಊರಿಗೆ ನಾನು ತಿಂಗಳಿಗೊಮ್ಮೆ ನಲ್ಲಿ ನೀರಿನ ಸ್ಯಾಂಪಲ್ ತರಲು ಹೋಗುತ್ತಿದ್ದೆ. ಪೈಪಿನ ಕೊನೆಯ ನಲ್ಲಿ ಸುಮಿತ್ರ ಎಂಬವಳ ಮನೆಯದ್ದು. ಅವಳ ಗಂಡ ಲೋಕೇಶ ಬಾಡಿಗೆ ಜೀಪು ಓಡಿಸುತ್ತಿದ್ದ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ನಾನು ಬಾಟಲಿ ತುಂಬುವಷ್ಟರಲ್ಲಿ ಬೆಲ್ಲದ ಕಾಫಿ ತಂದಿಟ್ಟು, ಕುಡಿಯುವವರೆಗೂ ಬಿಡುತ್ತಿರಲಿಲ್ಲ. ಜುಲೈನಲ್ಲಿ ಹೋದಾಗ ಅವಳಿಗೆ ಆರು ತಿಂಗಳು. ಮಳೆಗಾಲದಲ್ಲಿ ನೀರು ಕುದಿಸಿ ಕುಡಿ ಎಂದು ನಾನು ಹೇಳಿದ್ದಕ್ಕೆ ನಕ್ಕಳು.

“ಅತ್ತೆಗೂ ಇವ್ರಿಗೂ ಕುದ್ಸೇ ಕೊಡೂದು ಗಿರಿಜಕ್ಕ. ನಂಗೆ ಕುದ್ಸಿದ ನೀರು ಕಂಡ್ರೆ ವಾಕರಿಕೆ ಬರ್ತದೆ. ನಲ್ಲಿ ನೀರೇ ತಣ್ಣಗೆ ಹಿತ ಆಗ್ತದೆ. ನೀವೆಲ್ಲ ಪರೀಕ್ಷೆ ಮಾಡ್ತೀರಲ್ಲ, ಎಂತ ಆಗ್ತದೆ?”

ನಾನು ಕಾಫಿ ಕುಡಿದು ಲೋಟ ಇಟ್ಟೆ. ಬಾಟಲಿ ಎತ್ತಿಕೊಂಡು ಹೊರಟೆ.

ಆ ಊರಿನ ಟ್ಯಾಂಕಿಗೆ ನೀರು ಹತ್ತಿಸಿ ಬಿಡುತ್ತಿದ್ದವರು ಹಮೀದ್ ಸಾಬರು. ಐವತ್ತರ ಆಸುಪಾಸಿನ ಮನುಷ್ಯ, ಹದಿನೆಂಟು ವರ್ಷದಿಂದ ಅದೇ ಕೆಲಸ. ಹಾಲಿನ ಪುಡಿಯ ತಗಡಿನ ಡಬ್ಬಿಯೊಂದಕ್ಕೆ ಮೊಳೆಯಲ್ಲಿ ಗೀರು ಹಾಕಿಟ್ಟಿದ್ದರು. ಗೀರಿನ ಮಟ್ಟಕ್ಕೆ ಪುಡಿ ತುಂಬಿದರೆ ಒಂದು ಟ್ಯಾಂಕಿಗೆ ಆಗುವಷ್ಟು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಪುಡಿಯ ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹುಯ್ಯುತ್ತಿದ್ದರು. ಅನೇಕರು ಪುಡಿಯನ್ನು ಹಾಗೇ ಸುರಿದು ಬಿಡುತ್ತಾರೆ. ಇವರು ಒಂದು ದಿನವೂ ಹಾಗೆ ಮಾಡಿದವರಲ್ಲ. ನಲ್ಲಿ ನೀರಿಗೆ ಔಷಧಿಯ ಹನಿ ಹಾಕಿ ನೋಡುವ ಸಣ್ಣ ಕಿಟ್ ಅವರ ಹತ್ತಿರ ಇತ್ತು. ನೀರಿನಲ್ಲಿ ಕ್ಲೋರಿನ್ ಉಳಿದಿದ್ದರೆ ಹನಿ ಬಿದ್ದ ಕೂಡಲೇ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರು ನೀರಾಗಿಯೇ ಇರುತ್ತದೆ.

ಜುಲೈನ ಪುನರ್ವಸು ಮಳೆಯ ಒಂದು ಮಧ್ಯಾಹ್ನ ಅವರು ಬಸ್ಸಿನಲ್ಲಿ ಕೊಪ್ಪಕ್ಕೆ ಬಂದು ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತರು. ಕೊಡೆ ಮಡಚಿ ಹೊರಗೇ ಇಟ್ಟು, ಕಿಟ್ಟನ್ನು ಅಂಗಿಯೊಳಗಿಂದ ತೆಗೆದರು.

“ಮೇಡಂ, ನಾಲ್ಕು ದಿನದಿಂದ ಹಳದಿನೇ ಬರ್ತಾ ಇಲ್ಲ. ಹನಿ ಹಾಳಾಗಿದ್ಯೋ, ಪುಡಿ ಹಾಳಾಗಿದ್ಯೋ ನಂಗೆ ಗೊತ್ತಾಗ್ತಾ ಇಲ್ಲ. ನೀವೊಂಚೂರು ನೋಡಿ.”

ಹನಿಯ ಬಾಟಲಿಯನ್ನು ತಿರುಗಿಸಿ ನೋಡಿದೆ. ಅವಧಿ ಮುಗಿದು ಮೂರು ತಿಂಗಳಾಗಿತ್ತು. ವಿರೂಪಾಕ್ಷಪ್ಪನವರೂ ನೋಡಿದರು. “ಇದೇ ಹಾಳಾಗಿರೂದು ಸಾಬ್ರೆ. ಪುಡಿ ಸರಿ ಇದೆ, ಚೀಟಿ ಕೊಟ್ಟಿದೀವಲ್ಲ” ಅಂದರು.

ಹಮೀದ್ ಸಾಬರು ನನ್ನ ಮುಖ ನೋಡಿದರು. “ಹೌದಾ ಮೇಡಂ?”

“ಹೌದು ಸಾಬ್ರೆ,” ಅಂದೆ. “ಮೂವತ್ತೆರಡು ಪಾಯಿಂಟ್ ನಾಲ್ಕು ಇದೆ. ಹೊಸ ಹನಿ ಬಂದ ಕೂಡಲೇ ಕಳಿಸ್ತೀವಿ.”

ಅವರ ಮುಖ ಹಗುರಾಯಿತು. ಹಾಗಾದರೆ ತೊಂದರೆ ಇಲ್ಲ ಎಂದು ಕೊಡೆ ಬಿಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅವರ ಊರಿನ ಬಾಟಲಿ ಆಗ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು, ಮೇಣ ಹಚ್ಚಿದ್ದು ಹಚ್ಚಿದ ಹಾಗೇ. ಅಷ್ಟು ಹೊತ್ತಿಗೆ ಕರೆಂಟೂ ಬಂದಿತ್ತು. ಒಂದು ಗಂಟೆಯ ಕೆಲಸ. ಈಗಲೂ ಆ ಮಳೆಗಾಲದ ಲೆಕ್ಕ ಹಾಕುವಾಗ ನಾನು ನಿಲ್ಲುವುದು ಈ ಒಂದು ಗಂಟೆಯ ಹತ್ತಿರ. ಚೀಟಿ ಬರೆದದ್ದು ಸೋಮಾರಿತನ. ಬಾಗಿಲಿಗೆ ಬಂದು ಕೇಳಿದವರಿಗೆ ಹೌದು ಎಂದದ್ದಕ್ಕೆ ಆ ಹೆಸರು ಸಾಲುವುದಿಲ್ಲ.

ಆಗಸ್ಟ್ ಮೊದಲಿಗೆ, ಆಶ್ಲೇಷ ಮಳೆಯಲ್ಲಿ, ಕಾಮಾಲೆ ಬಂತು. ಮೊದಲು ಶಾಲೆಯ ಹತ್ತಿರದ ಎರಡು ಮನೆ, ಆಮೇಲೆ ಕೇರಿಗೆ ಕೇರಿ. ಜನ ಮೊದಲು ಹಳ್ಳಿ ಮದ್ದು ತಂದರು, ಪಥ್ಯ ಹಿಡಿದರು. ಆಮೇಲೆ ಆಸ್ಪತ್ರೆಗೆ ಬಂದರು. ಟ್ಯಾಂಕಿಗೆ ನೀರೆತ್ತುತ್ತಿದ್ದ ಬಾವಿಯ ಮೇಲಿನ ದಿಬ್ಬದಲ್ಲಿದ್ದ ಕಕ್ಕಸು ಗುಂಡಿ ಆರಿದ್ರೆ ಮಳೆಗೇ ತುಂಬಿ ಹರಿದಿತ್ತು ಎಂದು ಆಮೇಲೆ ಗೊತ್ತಾಯಿತು. ಈ ಕಾಮಾಲೆ ಹಾಗೆಯೇ. ಕುಡಿದ ನೀರು ಒಂದು ತಿಂಗಳು, ಒಂದೂವರೆ ತಿಂಗಳು ಒಳಗೆ ಸುಮ್ಮನಿದ್ದು ಆಮೇಲೆ ಕಣ್ಣಿಗೆ ಬರುತ್ತದೆ. ಕಾಯಿಲೆ ಕಂಡ ದಿನ ಎಚ್ಚರಾದರೆ ಕುಡಿದದ್ದನ್ನು ವಾಪಸು ತರುವುದಕ್ಕಾಗುವುದಿಲ್ಲ. ಗಂಡಸರು, ಮಕ್ಕಳು ಬಹುತೇಕ ಎದ್ದು ಕೂರುತ್ತಾರೆ. ತುಂಬಿದ ಬಸುರಿಯರಿಗೆ ಮಾತ್ರ ಅದು ಬೇರೆಯದೇ ಕಾಯಿಲೆ.

ಹೊಸ ಹನಿ ಆಗ ಬಂದಿತ್ತು. ಅದನ್ನು ತೆಗೆದುಕೊಂಡು ನಾನೇ ಆ ಊರಿಗೆ ಹೋದೆ. ಟ್ಯಾಂಕಿನ ಕೆಳಗಿನ ನಲ್ಲಿಯಲ್ಲಿ ನೀರು ಹಿಡಿದು ಹನಿ ಹಾಕಿದೆ. ನೀರು ನೀರಾಗಿಯೇ ಇತ್ತು. ಕೊನೆಯ ನಲ್ಲಿಗೆ ಹೋದೆ. ಅಲ್ಲೂ ಹಾಗೇ. ಸುಮಿತ್ರ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎದ್ದು ಬರಲಿಲ್ಲ. ಕಣ್ಣು ಅರಿಸಿನ ಹಚ್ಚಿದ ಹಾಗಿತ್ತು.

“ಕಾಫಿ ಮಾಡೂಕೆ ಆಗ್ತಿಲ್ಲ ಅಕ್ಕ, ಬೇಜಾರಾಗ್ಬೇಡಿ,” ಅಂದಳು.

ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅವಳ ಅತ್ತೆಗೆ ಹೇಳಿದೆ. ಲೋಕೇಶ ಜೀಪಿನಲ್ಲೇ ಅವಳನ್ನು ಕೊಪ್ಪಕ್ಕೆ ಕರೆತಂದ. ಅಲ್ಲಿಂದ ಶಿವಮೊಗ್ಗಕ್ಕೆ ಕಳಿಸಿದರು. ನಾನು ಹಮೀದ್ ಸಾಬರ ಡ್ರಮ್ಮಿನಿಂದ ಒಂದು ಪೊಟ್ಟಣ ಪುಡಿ ಕಟ್ಟಿಕೊಂಡು ಲ್ಯಾಬಿಗೆ ಬಂದೆ. ಹೊಸ ಹೈಪೋ ಮಾಡಿದೆ. ಅವತ್ತು ಯಾವುದನ್ನೂ ಬಿಡದೆ ಕ್ರಮವಾಗಿ ಮಾಡಿದೆ. ಬ್ಯುರೆಟ್ ಬಿಟ್ಟೆ. ಐದು ಮಿಲಿ ದಾಟಿ ಸ್ವಲ್ಪ ಹೋಗುವಷ್ಟರಲ್ಲಿ ನೀಲಿ ಹೋಯಿತು. ಕೈ ತಪ್ಪಿತೇನೋ ಎಂದು ಎರಡನೆಯ ಸಲ, ಮೂರನೆಯ ಸಲ ಮಾಡಿದೆ. ಐದು ಪಾಯಿಂಟ್ ಆರು. ಅಂದರೆ ನೂರಕ್ಕೆ ಎಂಟು.

ಆಮೇಲೆ ಕಪಾಟಿನಿಂದ ಜೂನ್ ತಿಂಗಳ ಬಾಟಲಿ ತೆಗೆದು ಮೇಣ ಕೆರೆದೆ. ಅದು ಒಂಬತ್ತು.

ವಿರೂಪಾಕ್ಷಪ್ಪನವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. “ಬಾಟಲೀಲಿಟ್ಟೇ ಇಳ್ದಿರಬಹುದಮ್ಮ. ಎರಡು ತಿಂಗಳಾಯ್ತಲ್ಲ” ಅಂದರು. ಸ್ವಲ್ಪ ಇಳಿದಿರಬಹುದು. ಮೇಣ ಹಚ್ಚಿದ ಬಾಟಲಿಯಲ್ಲಿ ಅಷ್ಟು ಇಳಿಯುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಮಖೆ ಮಳೆಯ ಮೂರನೆಯ ದಿನ ಸುಮಿತ್ರ ಶಿವಮೊಗ್ಗದಲ್ಲಿ ಸತ್ತಳು. ಕೊನೆಯ ಎರಡು ದಿನ ಅವಳಿಗೆ ಗಂಡನ ಗುರುತೂ ಇರಲಿಲ್ಲವಂತೆ. ಮಗುವೂ ಉಳಿಯಲಿಲ್ಲ. ಹೆಣವನ್ನು ಲೋಕೇಶ ತನ್ನ ಜೀಪಿನಲ್ಲೇ ತಂದ.

ಅವಳು ಸತ್ತ ಐದನೆಯ ದಿನ ಆ ಊರಿನ ಪಂಚಾಯಿತಿ ಕಚೇರಿಯಲ್ಲಿ ಸಭೆ ಸೇರಿತು. ನೀರಿನ ವಿಷಯವಾದ್ದರಿಂದ ನನ್ನನ್ನೂ ಕರೆದಿದ್ದರು. ವಿರೂಪಾಕ್ಷಪ್ಪನವರಿಗೆ ಜ್ವರ ಇತ್ತು, ನಾನೊಬ್ಬಳೇ ಹೋದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇಲ್ಲ ಎಂಬುದು ನಾನು ಹನಿ ಹಾಕಿ ನೋಡಿದ ದಿನವೇ ಊರಿಗೆಲ್ಲ ಗೊತ್ತಾಗಿತ್ತು. ಹಮೀದ್ ಸಾಬರು ಮೇಜಿನ ಮುಂದೆ ನಿಂತಿದ್ದರು. ಪುಡಿ ಹಾಕಿಲ್ಲ, ಮಾರಿಕೊಂಡಿರಬೇಕು ಎಂದು ಹಿಂದಿನಿಂದ ಯಾರೋ ಅಂದರು. ಲೋಕೇಶ ಎದ್ದು ಬಂದವನೇ ಒಂದು ಮಾತೂ ಆಡದೆ ಅವರ ಕೆನ್ನೆಗೆ ಹೊಡೆದ. ಟೋಪಿ ಕೆಳಗೆ ಬಿತ್ತು. ಹಮೀದ್ ಸಾಬರು ಅದನ್ನು ಎತ್ತಿಕೊಂಡು, ಕೈಯಲ್ಲೇ ಹಿಡಿದುಕೊಂಡರು.

“ದಿನಾ ಹಾಕಿದೀನಿ ಲೋಕೇಶಣ್ಣ. ಒಂದಿನಾನೂ ತಪ್ಸಿಲ್ಲ. ಪುಡಿನೂ ಒಳ್ಳೇದೇ, ಚೀಟಿ ಇದೆ.”

ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಸದಸ್ಯರೊಬ್ಬರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. “ಮೂವತ್ತೆರಡು ಪಾಯಿಂಟ್ ನಾಲ್ಕು. ಪುಡಿ ಸರಿ ಇದೆ.” ಕನ್ನಡಕ ತೆಗೆದು, “ಪುಡಿ ಸರಿ ಇದ್ದು ನೀರಲ್ಲಿ ಕ್ಲೋರಿನ್ ಇಲ್ಲ ಅಂದ್ರೆ ಎಂತ ಅರ್ಥ ಸಾಬ್ರೆ? ನೀವೇ ಹೇಳಿ” ಅಂದರು.

ಅವರು ತಮ್ಮನ್ನು ಉಳಿಸಿಕೊಳ್ಳಲು ತೆಗೆದ ಚೀಟಿಯೇ ಅವರ ಮೇಲೆ ತಪ್ಪು ಹೊರಿಸಿತು. ಹಮೀದ್ ಸಾಬರು ಆಗ ನನ್ನ ಕಡೆ ತಿರುಗಿದರು. ಕೋಪದಿಂದಲ್ಲ, ಗೊತ್ತಿರುವವರು ಯಾರಾದರೂ ಬಿಡಿಸಿ ಹೇಳಲಿ ಎನ್ನುವ ಹಾಗೆ. ನನ್ನ ಚೀಲದಲ್ಲಿ ಐದು ಪಾಯಿಂಟ್ ಆರು ಎಂದು ಬರೆದ ಪುಸ್ತಕವಿತ್ತು. ಲೋಕೇಶ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ನನಗೆ ಹೆದರಿಕೆಯಾಯಿತು. ಹೊಡೆಸಿಕೊಳ್ಳುವ ಹೆದರಿಕೆಯೋ, ಕೆಲಸ ಹೋಗುವ ಹೆದರಿಕೆಯೋ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡೂ ಇದ್ದಿರಬೇಕು. “ವರದಿ ಆಮೇಲೆ ಕಳಿಸ್ತೀವಿ” ಎಂದೆ. ಅಷ್ಟೇ ಎಂದೆ. ಹಮೀದ್ ಸಾಬರನ್ನು ಅವತ್ತೇ ಕೆಲಸದಿಂದ ತೆಗೆದರು.

ಎರಡು ದಿನ ಕಳೆದ ಮೇಲೆ ನಡೆದದ್ದನ್ನೆಲ್ಲ ಕಾಗದದ ಮೇಲೆ ಬರೆದೆ. ಜೂನಿನಲ್ಲಿ ಪರೀಕ್ಷೆ ಮಾಡದೆ ಚೀಟಿ ಕೊಟ್ಟದ್ದು, ಜುಲೈನಲ್ಲಿ ಹಮೀದ್ ಸಾಬರು ಬಂದು ಕೇಳಿದ್ದು, ನಾನು ಹೇಳಿದ್ದು. ವಿರೂಪಾಕ್ಷಪ್ಪನವರ ಮೇಜಿನ ಮೇಲೆ ಇಟ್ಟೆ. ಹರಿದು ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ನಿಧಾನವಾಗಿ ಪೂರ್ತಿ ಓದಿದರು.

“ಇದ್ರಲ್ಲಿ ನನ್ನ ಹೆಸರು ಬಿಟ್ಟಿದೀಯ,” ಅಂದರು.

“ಬರೆದದ್ದು ನಾನಲ್ವಾ ಸರ್.”

“ಬರಿ ಅಂದವ್ನು ನಾನು. ಸೇರ್ಸು.”

ಸೇರಿಸಿದೆ. ಅವರು ಕೆಳಗೆ ಸಹಿ ಹಾಕಿ ತಾವೇ ಕವರಿಗೆ ಅಂಟು ಹಚ್ಚಿದರು. ಆ ಕಾಗದ ಮೇಲಿನ ಕಚೇರಿಗೆ ಹೋಯಿತು. ಒಬ್ಬ ಅಧಿಕಾರಿ ಬಂದು ಎರಡು ಗಂಟೆ ಕೂತು ಹೇಳಿಕೆ ಬರೆದುಕೊಂಡು ಹೋದರು. ಉಳಿದ ಹದಿನಾರು ಊರಿನ ಪುಡಿಯನ್ನು ನಾನು ಮತ್ತೆ ಪರೀಕ್ಷೆ ಮಾಡಿದೆ. ಅದರಲ್ಲಿ ಮೂರು ಊರಿನದ್ದು ಹೀಗೆಯೇ ಸತ್ತಿತ್ತು, ಅದನ್ನು ವಾಪಸು ತರಿಸಿದೆವು. ನನ್ನ ಗುತ್ತಿಗೆ ಮುಂದುವರಿಯಲಿಲ್ಲ. ವಿರೂಪಾಕ್ಷಪ್ಪನವರು ರಜೆ ಹಾಕಿ ಹೋದವರು ರಜೆಯಲ್ಲೇ ನಿವೃತ್ತರಾದರು. ಹಮೀದ್ ಸಾಬರನ್ನು ವಾಪಸು ತೆಗೆದುಕೊಳ್ಳಿ ಎಂದು ನಾನು ಪಂಚಾಯಿತಿಗೆ ಹೋಗಿ ಕೇಳಿದೆ. ಹೊಸಬನನ್ನು ನೇಮಿಸಿ ಆಗಿದೆ, ಅದೂ ಅಲ್ಲದೆ ಊರಿನವರು ಒಪ್ಪುವುದಿಲ್ಲ ಅಂದರು. ಊರಿನವರಿಗೆ ಯಾರೂ ಏನೂ ಹೇಳಿರಲಿಲ್ಲ.

ಲೋಕೇಶನ ಮನೆಗೆ ಎರಡು ಸಲ ಹೋದೆ. ಮೊದಲ ಸಲ ಬೀಗ ಹಾಕಿತ್ತು. ಎರಡನೆಯ ಸಲ ಅವನು ಅಂಗಳದಲ್ಲಿ ಜೀಪು ರಿಪೇರಿ ಮಾಡುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಹೊಡೆಯುತ್ತಾನೆ, ಬೈಯುತ್ತಾನೆ ಎಂದುಕೊಂಡಿದ್ದೆ. ಕೇಳಿಸಿಕೊಂಡು, “ಸರಿ ಅಕ್ಕ” ಎಂದವನು ಮತ್ತೆ ಜೀಪಿನ ಕೆಳಗೆ ನುಗ್ಗಿದ. ಕಾಲು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತು ಕಾದೆ. ಸ್ಪ್ಯಾನರಿನ ಸದ್ದೂ ಬರಲಿಲ್ಲ. ಹೊರಟು ಬಂದೆ.

ಹಮೀದ್ ಸಾಬರು ಹೆಂಡತಿಯ ತವರಾದ ನರಸಿಂಹರಾಜಪುರಕ್ಕೆ ಹೋಗಿ ಮರದ ಡಿಪೋದಲ್ಲಿ ಕೆಲಸಕ್ಕೆ ಸೇರಿದ್ದಾರೆ ಎಂದು ಗೊತ್ತಾಯಿತು. ಮಳೆ ಬಿಟ್ಟ ಮೇಲೆ, ಅಕ್ಟೋಬರಿನ ಒಂದು ಭಾನುವಾರ ಹುಡುಕಿಕೊಂಡು ಹೋದೆ. ಮಸೀದಿ ರಸ್ತೆಯ ಹಿಂದಿನ ಒಂದು ಸಣ್ಣ ಮನೆ. ನನ್ನನ್ನು ಕಂಡು ಎದ್ದು ನಿಂತು, ಒಳಗಿಂದ ಕುರ್ಚಿ ತಂದು ಹಾಕಿ, ಅದನ್ನು ಟವೆಲಿನಿಂದ ಒರೆಸಿದರು. ತಾವು ಹೊಸಿಲ ಮೇಲೆ ಕೂತರು. ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು.

ಹೇಳಿದೆ. ಪುಡಿ ಸತ್ತಿತ್ತು, ನೂರಕ್ಕೆ ಎಂಟೇ ಇತ್ತು, ನಾನು ನೋಡದೆ ಬರೆದೆ, ನಿಮ್ಮ ತಪ್ಪಿಲ್ಲ, ಸಭೆಯಲ್ಲಿ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ ಎಂದು ಕೇಳುವ ಧೈರ್ಯ ಬರಲಿಲ್ಲ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು. ಕೋಪದ ಮಾತು ಬರಲಿ ಎಂದು ನಾನು ಕಾದೆ. ಅವರ ಮನಸ್ಸು ಬೇರೆಲ್ಲೋ ಇತ್ತು. ಏನನ್ನೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು.

“ಅಲ್ಲ ಮೇಡಂ, ಪೂರಾ ಸತ್ತಿರ್ಲಿಲ್ಲ ಅಲ್ವಾ? ಎಂಟು ಇತ್ತು ಅಂದ್ರಿ.”

“ಎಂಟು ಇತ್ತು.”

“ಹಂಗಾದ್ರೆ ಆ ಪುಡಿನೇ ಆದ್ರೂ ಎಷ್ಟು ಹಾಕಿದ್ರೆ ಆಗ್ತಿತ್ತು?”

ಸುಳ್ಳು ಹೇಳಬಹುದಿತ್ತು. ಎಷ್ಟು ಹಾಕಿದರೂ ಆಗುತ್ತಿರಲಿಲ್ಲ ಎಂದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ. ಆದರೆ ಆ ಮನುಷ್ಯನಿಗೆ ಎರಡನೆಯ ಸಲ ತಪ್ಪು ಅಳತೆ ಕೊಡಲು ನನ್ನಿಂದಾಗಲಿಲ್ಲ.

“ಒಂದರ ಬದಲು ನಾಲ್ಕು ಡಬ್ಬಿ ಹಾಕ್ಬೇಕಿತ್ತು ಸಾಬ್ರೆ.”

“ನಾಲ್ಕು ಡಬ್ಬಿ,” ಅಂದರು. ತಲೆ ಎತ್ತಿ ರಸ್ತೆಯ ಕಡೆ ನೋಡಿದರು. “ಅಷ್ಟೇನಾ ಮೇಡಂ? ಹಾಕ್ತಿದ್ನಲ್ಲ ಮಾರಾಯ್ರೆ. ಡ್ರಮ್ಮಲ್ಲಿ ಪುಡಿ ಬೇಕಾದಷ್ಟಿತ್ತು.”